ಮುಳುಗಿತೆಂದು ಸುದ್ದಿಯಾದ ಹಜ್ಜ್ ಹಡಗು

ಕಳೆದ ತಿಂಗಳ ಎರಡನೆಯ ಜುಮಾದಲ್ಲಿ ‘ಜಿದ್ದಾ’ ಎಂಬ ಹಡಗಿನ ಕಥೆಯನ್ನು ನಾವು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದ್ದೆವು. ನಮಾಝ್ ಆದ ಮೇಲೆ ನಾಲ್ಕೈದು ಮಂದಿ ಅಂಗಳದಲ್ಲೇ ನಮ್ಮನ್ನು ನಿಲ್ಲಿಸಿ, ‘ಹಜ್ರತ್, ಇದನ್ನು ಪೂರ್ತಿ ಬರೆದುಕೊಡಿ, ಮನೆಯಲ್ಲಿ ಹೆಂಗಸರು ಮಕ್ಕಳೂ ಓದಲಿ’ ಎಂದರು. ಖುತ್ಬಾದಲ್ಲಿ ಸಮಯ ಕಡಿಮೆ, ಇಲ್ಲಿ ಸ್ವಲ್ಪ ವಿವರವಾಗಿ ಹೇಳಬಹುದು. ಅಲ್ಲಿ ಹೇಳಲು ನಾಲಿಗೆ ಏಳದ ಒಂದು ಮಾತೂ ಇದೆ. ಅದನ್ನೂ ಇಲ್ಲಿ ಬರೆಯುತ್ತೇವೆ.

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಹಜ್ಜ್ ಎಂದರೆ ಹಡಗು. ವಿಜಾಪುರ, ಹುಬ್ಬಳ್ಳಿ, ಭಟ್ಕಳ, ಶಿವಮೊಗ್ಗ, ಎಲ್ಲಿಂದ ಹೊರಟರೂ ಮೊದಲು ಮುಂಬಯಿ ಸೇರಬೇಕು. ಅಲ್ಲಿಂದ ಜಿದ್ದಾಕ್ಕೆ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಮೊಘಲ್ ಲೈನ್ ಕಂಪನಿಯ ಹೆಸರು, ‘ಅಕ್ಬರಿ’ ಹಡಗಿನ ಹೆಸರು ಇಂದಿಗೂ ಹಿರಿಯರ ಬಾಯಲ್ಲಿದೆ. 1995ರಲ್ಲಿ ಮುಂಬಯಿಯ ಹಜ್ಜ್ ಹಡಗು ನಿಂತಿತು. ಅಲ್ಲಿಂದ ಮುಂದೆ ಎಲ್ಲವೂ ವಿಮಾನ. ಹಡಗಿನಲ್ಲಿ ಹೋಗುವವರು ಹೊರಡುವ ಮುನ್ನ ಊರಿನ ಪ್ರತಿ ಮನೆಗೂ ಹೋಗಿ, ಗೊತ್ತಿದ್ದೂ ಗೊತ್ತಿಲ್ಲದೆಯೂ ಮಾಡಿದ ತಪ್ಪಿಗೆ ಮಾಫಿ ಕೇಳುತ್ತಿದ್ದರು. ಸಾಲ ತೀರಿಸುತ್ತಿದ್ದರು, ಕಫನ್ ಬಟ್ಟೆಯನ್ನು ಗಂಟಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. ಅದು ಬರೀ ಆಚಾರವಲ್ಲ. ಕಡಲಿಗೆ ಹೋದವರು ಬರುತ್ತಾರೋ ಇಲ್ಲವೋ ಎಂಬುದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನಾವು ಈ ಹಡಗಿನ ಹೆಸರನ್ನು ಮೊದಲು ಕೇಳಿದ್ದು ಮದ್ರಸದಲ್ಲಲ್ಲ, ಬಿ.ಎ. ತರಗತಿಯಲ್ಲಿ. ಜೋಸೆಫ್ ಕಾನ್ರಾಡ್ ಎಂಬ ಇಂಗ್ಲಿಷ್ ಲೇಖಕರ ‘ಲಾರ್ಡ್ ಜಿಮ್’ ಕಾದಂಬರಿಯ ಬಗ್ಗೆ ಮೇಷ್ಟ್ರು ಪಾಠ ಮಾಡುತ್ತಾ, ‘ಇದರ ಹಿಂದೆ ಒಂದು ನಿಜವಾದ ಹಜ್ಜ್ ಹಡಗಿನ ಘಟನೆ ಇದೆ’ ಎಂದರು. ಕೊನೆಯ ಬೆಂಚಿನಲ್ಲಿ ಟೋಪಿ ಹಾಕಿ ಕೂತಿದ್ದ ನಾವು ಅಂದು ನೆಟ್ಟಗೆ ಕುಳಿತು ಕೇಳಿದೆವು.

ಹಡಗು ಹೊರಟಿದ್ದು

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಅರಬ್ಬೀ ಸಮುದ್ರದಲ್ಲಿ ಉಗಿಹಡಗುಗಳ ಓಡಾಟ ಹೆಚ್ಚಿತು. ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಆಗುತ್ತಿದ್ದ ಪ್ರಯಾಣ ಕೆಲವು ವಾರಗಳಿಗೆ ಇಳಿಯಿತು. ಜಾವಾ, ಸುಮಾತ್ರಾ, ಮಲಯ ಕಡೆಯ ಬಡ ರೈತರೂ ಹಜ್ಜ್‌ಗೆ ಹೊರಡತೊಡಗಿದರು. ಅವರೆಲ್ಲ ಬಂದು ಸೇರುತ್ತಿದ್ದ ದೊಡ್ಡ ಬಂದರು ಸಿಂಗಪುರ. ಅಲ್ಲಿ ಯಾತ್ರಿಕರನ್ನು ಸಾಗಿಸುವ ವ್ಯವಹಾರದಲ್ಲಿ ಮುಂದಿದ್ದವರು ಅರಬ್ ಮೂಲದ ಅಲ್‌ಸಗಾಫ್ ಮನೆತನದವರು. ಈ ವ್ಯಾಪಾರಕ್ಕಾಗಿಯೇ 1872ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಕಬ್ಬಿಣದ ಹಡಗು ‘ಜಿದ್ದಾ’. ಮಾಲೀಕರು ಮುಸ್ಲಿಮರು, ಹಾರುತ್ತಿದ್ದದ್ದು ಬ್ರಿಟಿಷ್ ಬಾವುಟ, ಕ್ಯಾಪ್ಟನ್ ಮತ್ತು ಮುಖ್ಯ ಅಧಿಕಾರಿಗಳು ಯೂರೋಪಿಯನ್ನರು.

1880ರ ಜುಲೈ 17ರಂದು ಹಡಗು ಸಿಂಗಪುರ ಬಿಟ್ಟಿತು. ಪೆನಾಂಗಿನಲ್ಲಿ ನಿಂತು, ಜುಲೈ 20ರಂದು ಅಲ್ಲಿಂದ ಜಿದ್ದಾ ಬಂದರಿನ ಕಡೆಗೆ ತಿರುಗಿತು. ಅದರಲ್ಲಿ 950ಕ್ಕೂ ಹೆಚ್ಚು ಯಾತ್ರಿಕರಿದ್ದರು. ಗಂಡಸರಷ್ಟೇ ಅಲ್ಲ, ನೂರಕ್ಕೂ ಮಿಕ್ಕಿ ಹೆಂಗಸರು, ಹತ್ತಾರು ಮಕ್ಕಳೂ ಇದ್ದರು. ಕ್ಯಾಪ್ಟನ್ ಜೋಸೆಫ್ ಲೂಕಸ್ ಕ್ಲಾರ್ಕ್ ತನ್ನ ಹೆಂಡತಿಯನ್ನೂ ಕರೆತಂದಿದ್ದ. ಅವನ ಕೈಕೆಳಗಿನ ಮೊದಲ ಅಧಿಕಾರಿ ಅಗಸ್ಟೀನ್ ಪಾಡ್‌ಮೋರ್ ವಿಲಿಯಮ್ಸ್, ಇಂಗ್ಲೆಂಡಿನ ಒಬ್ಬ ಪಾದ್ರಿಯ ಮಗ.

ಜುಲೈ, ಆಗಸ್ಟ್ ಎಂದರೆ ಅರಬ್ಬೀ ಸಮುದ್ರ ಹೇಗಿರುತ್ತದೆ ಎಂದು ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಮುಂಗಾರು ಗಾಳಿ, ಅದೇ ಅಲೆ. ನಮ್ಮ ಮೀನುಗಾರರು ದೋಣಿಯನ್ನು ದಡಕ್ಕೆ ಎಳೆದು ಕಟ್ಟಿಹಾಕುವ ದಿನಗಳಲ್ಲಿ ಆ ಹಡಗು ಸಾವಿರ ಮಂದಿಯನ್ನು ಹೊತ್ತು ಆ ಗಾಳಿಗೆ ಎದುರಾಗಿ ಹೊರಟಿತ್ತು.

ಆಗಸ್ಟ್ ಮೊದಲ ವಾರದಲ್ಲಿ ಬಿರುಗಾಳಿ ಹಿಡಿಯಿತು. ಹಡಗು ಎಷ್ಟು ಹೊಯ್ದಾಡಿತೆಂದರೆ, ಉಗಿ ತಯಾರಿಸುವ ಭಾರವಾದ ಬಾಯ್ಲರುಗಳು ಕೂತಿದ್ದ ಜಾಗದಿಂದಲೇ ಅಲುಗಾಡಿದವು. ಬೆಣೆ ಹೊಡೆದು ಅವುಗಳನ್ನು ನಿಲ್ಲಿಸಿದರು. ಗಾಳಿ ಹೆಚ್ಚಾದಂತೆ ಬೆಣೆಗಳೂ ಸಡಿಲವಾದವು. ಬಾಯ್ಲರು ಅಲುಗಿದರೆ ಅದಕ್ಕೆ ಸೇರಿದ ಕೊಳವೆಗಳೂ ಮುರಿಯುತ್ತವೆ. ಹಾಗೆ ಮುರಿದ ಜಾಗದಿಂದ ಸಮುದ್ರದ ನೀರು ಎಂಜಿನ್ ಕೋಣೆಗೆ ನುಗ್ಗತೊಡಗಿತು. ಬೆಂಕಿ ಆರಿತು, ಎಂಜಿನ್ ನಿಂತಿತು. ಪಂಪುಗಳನ್ನು ನಡೆಸುತ್ತಿದ್ದ ಉಗಿಯೇ ಇಲ್ಲವಾದ ಮೇಲೆ ಉಳಿದದ್ದು ಕೈಬಲ ಮಾತ್ರ. ಯಾತ್ರಿಕರು ಸಾಲುಗಟ್ಟಿ ನಿಂತು ಕೈಪಂಪು ಒತ್ತಿದರು, ಬಕೆಟ್ಟಿನಲ್ಲಿ ನೀರು ಮೊಗೆದು ಹೊರಚೆಲ್ಲಿದರು. ಹಡಗು ಆಫ್ರಿಕಾದ ಸೊಮಾಲಿ ತೀರದ ಮೂಲೆ, ಗಾರ್ಡಫುಯಿ ಭೂಶಿರದ ಬಳಿ ಅಲೆಗಳ ಮೇಲೆ ಗೊತ್ತುಗುರಿಯಿಲ್ಲದೆ ತೇಲುತ್ತಿತ್ತು.

ಬಿಟ್ಟು ಹೋದವರು

ಹಡಗಿನಲ್ಲಿದ್ದ ದೋಣಿಗಳು ಸಾವಿರ ಮಂದಿಗೆ ಸಾಕಾಗುವಂಥವಲ್ಲ. ಅಧಿಕಾರಿಗಳಿಗೂ ಯಾತ್ರಿಕರಿಗೂ ಅದು ಕಾಣುತ್ತಿತ್ತು. ದೋಣಿಗಳನ್ನು ಸಜ್ಜು ಮಾಡುವುದು ಕಂಡ ಕೂಡಲೇ ಯಾತ್ರಿಕರಿಗೆ ಅನುಮಾನ ಬಂತು. ಅವರ ಗೊಂದಲ, ಸಿಟ್ಟು ನೋಡಿ ಅಧಿಕಾರಿಗಳಿಗೆ ಭಯ ಹತ್ತಿತು. ಯಾತ್ರಿಕರು ನಿಮ್ಮನ್ನು ಕೊಲ್ಲುತ್ತಾರೆ ಎಂದು ವಿಲಿಯಮ್ಸ್ ಕ್ಯಾಪ್ಟನ್ನನ ಮನಸ್ಸಿನಲ್ಲಿ ಹೆದರಿಕೆ ತುಂಬಿದ. ಭಾಷೆ ಬೇರೆ, ಧರ್ಮ ಬೇರೆ, ಬಣ್ಣ ಬೇರೆ. ಒಂದೇ ಹಡಗಿನಲ್ಲಿ ಮೂರು ವಾರ ಕಳೆದರೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ.

ಆಗಸ್ಟ್ 8ರ ಬೆಳಗಾಗುವ ಮುನ್ನ, ಕತ್ತಲಲ್ಲಿ, ಕ್ಯಾಪ್ಟನ್ ಕ್ಲಾರ್ಕ್, ಅವನ ಹೆಂಡತಿ, ಮುಖ್ಯ ಎಂಜಿನಿಯರ್ ಮತ್ತು ಇನ್ನು ಕೆಲವರು ಒಂದು ದೋಣಿಗೆ ಇಳಿದರು. ಯಾತ್ರಿಕರಿಗೆ ತಿಳಿಯಿತು. ಕೈಗೆ ಸಿಕ್ಕ ಪೆಟ್ಟಿಗೆ, ಪಾತ್ರೆಗಳನ್ನು ದೋಣಿಯ ಮೇಲೆ ಎಸೆದರು, ತಡೆಯಲು ನೋಡಿದರು. ವಿಲಿಯಮ್ಸ್ ಗುಂಡು ಹಾರಿಸಿದ. ಗದ್ದಲದಲ್ಲಿ ಅವನೂ ನೀರಿಗೆ ಬಿದ್ದು, ಆಮೇಲೆ ಅದೇ ದೋಣಿ ಹತ್ತಿದ. ಇನ್ನೊಂದು ದೋಣಿಯನ್ನು ಇಳಿಸುವ ಪ್ರಯತ್ನದಲ್ಲಿ ಅದು ಮಗುಚಿ, ಅದರಲ್ಲಿದ್ದ ಕೆಲವರು ನೀರುಪಾಲಾದರು. ಯಾತ್ರಿಕರೆಲ್ಲ ಫರಿಶ್ತೆಗಳಾಗಿದ್ದರು ಎಂದು ನಾವು ಹೇಳುವುದಿಲ್ಲ. ಸಾವು ಮುಂದೆ ನಿಂತಾಗ, ಕಾಯಬೇಕಾದವನೇ ಕತ್ತಲಲ್ಲಿ ಇಳಿದು ಹೋಗುವಾಗ, ಮನುಷ್ಯ ಸುಮ್ಮನೆ ನಿಂತು ಸಲಾಮ್ ಹೇಳುವುದಿಲ್ಲ.

ಇಲ್ಲಿ ಒಂದು ಸಂಗತಿ ಹೇಳಬೇಕು. ತಾರೀಖನ್ನು ಹಿಜ್‌ರಿಗೆ ಹೊಂದಿಸಿ ಲೆಕ್ಕ ಹಾಕಿದಾಗ ನಮ್ಮ ಕೈ ತಡೆಯಿತು. 1880ರ ಆಗಸ್ಟ್ 8 ಎಂದರೆ ಹಿಜ್‌ರಿ 1297ರ ರಮಝಾನ್ ಕಾಲಿಡುವ ದಿನ. ಚಂದ್ರದರ್ಶನದ ಲೆಕ್ಕದಲ್ಲಿ ಒಂದು ದಿನ ಆಚೀಚೆ ಆಗಬಹುದು, ಅಷ್ಟೇ. ಅಂದರೆ ಎಳೆಯ ಚಂದ್ರ ಸಂಜೆಯೇ ಮುಳುಗಿದ ಕಗ್ಗತ್ತಲ ರಾತ್ರಿ ಅದು. ನಾವು ನೀವು ಮೊದಲ ಸಹರಿಗೆ ಎದ್ದು ಒಲೆ ಹಚ್ಚುವ ಹೊತ್ತಿನಲ್ಲಿ ಆ ಜನ ತಮ್ಮ ಹಡಗಿನ ಯಜಮಾನ ದೋಣಿಯಲ್ಲಿ ದೂರವಾಗುವುದನ್ನು ನೋಡುತ್ತಿದ್ದರು.

ಉಳಿದವರು ಮಾಡಿದ್ದು

ದಿಕ್ಕು ತೋರಿಸುವ ಕ್ಯಾಪ್ಟನ್ ಇಲ್ಲ. ಯಂತ್ರ ತಿಳಿದ ಮುಖ್ಯಸ್ಥನಿಲ್ಲ. ಕೆಳಗೆ ನೀರು ಏರುತ್ತಿದೆ. ಉಳಿದದ್ದು ಒಂದಷ್ಟು ಖಲಾಸಿಗಳು ಮತ್ತು ಸಾವಿರದಷ್ಟು ಯಾತ್ರಿಕರು. ಅವರಲ್ಲಿ ಹೆಚ್ಚಿನವರು ಗದ್ದೆ ತೋಟ ಬಿಟ್ಟು ಬಂದವರು, ಹಡಗಿನ ಕೆಲಸ ಕಂಡವರಲ್ಲ.

ಅವರು ಮತ್ತೆ ಬಕೆಟ್ ಹಿಡಿದರು. ಸರದಿಯ ಮೇಲೆ ನೀರು ಮೊಗೆದರು, ಪಂಪು ಒತ್ತಿದರು. ಉಗಿಹಡಗುಗಳಿಗೆ ಆ ಕಾಲದಲ್ಲಿ ಹಾಯಿಯೂ ಇರುತ್ತಿತ್ತು. ಖಲಾಸಿಗಳು ಅದನ್ನು ಬಳಸಿ ಗಾಳಿ ಒಯ್ದತ್ತ, ದಡದ ಕಡೆಗೆ ಹಡಗನ್ನು ತಿರುಗಿಸಲು ನೋಡಿದರು. ಅಪಾಯದಲ್ಲಿದ್ದೇವೆ ಎಂಬ ಗುರುತಿನ ಬಾವುಟ ಏರಿಸಿದರು. ಮುಳುಗಿಯೇ ಹೋಗುತ್ತದೆ ಎಂದು ತಿಳಿದವರು ಬಿಟ್ಟುಹೋದ ಹಡಗು ಆ ದಿನ ಮುಳುಗಲಿಲ್ಲ, ಮರುದಿನವೂ ಮುಳುಗಲಿಲ್ಲ. ಸೊಮಾಲಿ ತೀರದ ರಾಸ್ ಫೀಲುಕ್ ಎಂಬಲ್ಲಿಗೆ ಸಮೀಪ ಬಂದಾಗ, ಶಾಂಘೈಯಿಂದ ಲಂಡನ್ ಕಡೆಗೆ ಹೊರಟಿದ್ದ ‘ಆಂಟನರ್’ ಎಂಬ ಹಡಗು ಅವರನ್ನು ಕಂಡಿತು. ಅದರ ಮೊದಲ ಅಧಿಕಾರಿ ಕ್ಯಾಂಪ್‌ಬೆಲ್ ‘ಜಿದ್ದಾ’ವನ್ನು ಹತ್ತಿ ಬಂದ. ಹಗ್ಗ ಕಟ್ಟಿ, ಎಳೆದುಕೊಂಡು ಏಡನ್ ಕಡೆಗೆ ಹೊರಟರು.

ಪ್ರವಾದಿಯವರು(ಸ) ಒಂಟೆಯನ್ನು ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವರಿಗೆ, ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂಬ ಅರ್ಥದಲ್ಲಿ ಹೇಳಿದ ಮಾತು ತಿರ್ಮಿಝಿಯಲ್ಲಿದೆ. ನಮ್ಮ ಮದ್ರಸದ ಮಕ್ಕಳಿಗೂ ಅದು ಬಾಯಿಪಾಠ. ಬಾಯಿಪಾಠ ಇರುವುದು ಬೇರೆ, ಸೊಂಟದವರೆಗೆ ನೀರಿನಲ್ಲಿ ನಿಂತು ಬಕೆಟ್ ಎತ್ತುವುದು ಬೇರೆ. ಆ ಹಡಗಿನಲ್ಲಿ ದುಆ ಇರಲಿಲ್ಲವೇ? ಖಂಡಿತ ಇತ್ತು. ಹಜ್ಜ್‌ಗೆ ಹೊರಟ ಸಾವಿರ ಮಂದಿ, ಬಿರುಗಾಳಿ, ರಮಝಾನಿನ ಹೊಸ್ತಿಲು. ದುಆ ಇಲ್ಲದೆ ಇರುವುದುಂಟೇ? ಆದರೆ ಬರೀ ತಸ್ಬೀಹ್ ಎಣಿಸುತ್ತಾ ಎಲ್ಲರೂ ಕೂತಿದ್ದರೆ ಆಂಟನರ್ ಬರುವ ಹೊತ್ತಿಗೆ ಅಲ್ಲಿ ಕಡಲು ಮಾತ್ರ ಇರುತ್ತಿತ್ತು. ಅವರ ನಾಲಿಗೆ ಒಂದು ಕೆಲಸ ಮಾಡಿತು, ಕೈ ಇನ್ನೊಂದು ಕೆಲಸ ಮಾಡಿತು. ತವಕ್ಕುಲ್ ಎಂದರೆ ಈ ಎರಡೂ ಸೇರಿದ್ದು.

ಬುಖಾರಿಯಲ್ಲಿ ಬಂದ ಎರಡು ಅಂತಸ್ತಿನ ಹಡಗಿನ ಉಪಮೆ ನಿಮಗೆಲ್ಲ ಗೊತ್ತು. ಕೆಳಗಿನವರು ನೀರಿಗಾಗಿ ಮೇಲೆ ಹೋಗಿ ತೊಂದರೆ ಕೊಡುವುದೇಕೆಂದು ತಮ್ಮ ಪಾಲಿನಲ್ಲೇ ತೂತು ಕೊರೆಯಲು ಹೊರಡುತ್ತಾರೆ. ಮೇಲಿನವರು ತಡೆದರೆ ಎಲ್ಲರೂ ಉಳಿಯುತ್ತಾರೆ, ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ. ‘ಜಿದ್ದಾ’ದಲ್ಲಿ ಮೇಲಿದ್ದವರು ಹೊರಟೇ ಹೋದರು. ಕೆಳಗಿನ ಅಂತಸ್ತಿನವರೇ ತೂತು ಮುಚ್ಚಲು ನಿಂತರು. ಮೇಲೆ ಕೂತವರು ಹೊಣೆ ಬಿಟ್ಟರೆಂದು ಕೆಳಗಿನವರ ಹೊಣೆ ತೀರುವುದಿಲ್ಲ ಎಂಬುದನ್ನು ನಾವು ಇದರಿಂದ ಕಲಿಯುತ್ತೇವೆ.

ಏಡನ್‌ನಲ್ಲಿ ಎರಡು ಸುದ್ದಿ

ಕ್ಯಾಪ್ಟನ್ನನ ದೋಣಿಯನ್ನು ಅದೇ ಬೆಳಿಗ್ಗೆ ‘ಸಿಂದಿಯಾ’ ಎಂಬ ಹಡಗು ಎತ್ತಿಕೊಂಡಿತು. ಆಗಸ್ಟ್ 10ರಂದು ಅವರು ಏಡನ್ ತಲುಪಿದರು. ಅಲ್ಲಿ ಕ್ಲಾರ್ಕ್ ಹೇಳಿದ್ದು: ‘ಜಿದ್ದಾ’ ಮುಳುಗಿತು, ಯಾತ್ರಿಕರೆಲ್ಲ ಹೋದರು. ಅಷ್ಟೇ ಅಲ್ಲ, ಯಾತ್ರಿಕರು ದಂಗೆ ಎದ್ದು ತನ್ನ ಇಬ್ಬರು ಎಂಜಿನಿಯರುಗಳನ್ನು ಕೊಂದರು ಎಂದೂ ಹೇಳಿದ. ತಂತಿ ಹೋಯಿತು. ಸಿಂಗಪುರಕ್ಕೆ, ಲಂಡನ್ನಿಗೆ ಸುದ್ದಿ ಮುಟ್ಟಿತು. ಸಾವಿರದಷ್ಟು ಜನ ನೀರುಪಾಲು ಎಂದು ಪತ್ರಿಕೆಗಳು ಬರೆದವು.

ಮರುದಿನ, ಆಗಸ್ಟ್ 11ರಂದು, ಅದೇ ಏಡನ್ ಬಂದರಿಗೆ ಆಂಟನರ್ ಹಿಂದೆ ‘ಜಿದ್ದಾ’ ಬಂತು. ಸತ್ತವರೆಂದು ಸುದ್ದಿಯಾದವರು ಅದರ ತುಂಬ ನಿಂತಿದ್ದರು.

ಆ ದಡದಲ್ಲಿ ಕ್ಯಾಪ್ಟನ್ನನ ಮುಖ ಹೇಗಿತ್ತೋ ಏನೋ. ವಿಚಾರಣೆ ಏಡನ್‌ನಲ್ಲೇ ನಡೆಯಿತು. ಹಡಗು ಮತ್ತು ಯಾತ್ರಿಕರನ್ನು ಬಿಟ್ಟು ಬಂದದ್ದು ತಪ್ಪು ಎಂದು ಕ್ಲಾರ್ಕ್‌ನ ಪರವಾನಗಿಯನ್ನು ಮೂರು ವರ್ಷ ಅಮಾನತು ಮಾಡಿದರು. ಅವನ ಹೆದರಿಕೆಯನ್ನು ಹೆಚ್ಚಿಸಿದ್ದಕ್ಕೆ ವಿಲಿಯಮ್ಸ್‌ನ ಮೇಲೂ ದೋಷ ಹೊರಿಸಿದರು. ಮೂರೇ ವರ್ಷವೇ ಎಂದು ಆಗಲೇ ಹಲವರು ಕೇಳಿದರು, ಇಂದಿಗೂ ಕೇಳಬಹುದು. ಹಡಗು ದುರಸ್ತಿಯಾಗಿ ಮತ್ತೆ ಕಡಲಿಗಿಳಿಯಿತು. ಯಾತ್ರಿಕರ ಹಡಗುಗಳ ಮೇಲಿನ ದೂರುಗಳು ಆ ವರ್ಷಗಳಲ್ಲಿ ಬೇರೆಯೂ ಬಹಳ ಇದ್ದವು. 1886ರಲ್ಲಿ ಬ್ರಿಟಿಷ್ ಭಾರತ ಸರಕಾರ ಇಲ್ಲಿನ ಹಜ್ಜ್ ಪ್ರಯಾಣದ ಏರ್ಪಾಟನ್ನು ಥಾಮಸ್ ಕುಕ್ ಕಂಪನಿಗೆ ಒಪ್ಪಿಸಿತು.

ಯಾರಾದರೂ ಸುದ್ದಿ ತಂದರೆ ಪರಿಶೀಲಿಸಿ, ಇಲ್ಲವಾದರೆ ತಿಳಿಯದೆ ಒಂದು ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡುವಿರಿ ಎಂಬ ಎಚ್ಚರಿಕೆ ಸೂರಃ ಅಲ್ ಹುಜುರಾತ್‌ನ 6ನೆಯ ವಚನದಲ್ಲಿದೆ. ಸಾಮಾನ್ಯವಾಗಿ ಈ ವಚನವನ್ನು ನಾವು ಬೇರೆಯವರಿಗೆ ಓದಿ ಹೇಳುತ್ತೇವೆ. ನಮ್ಮ ಸಮುದಾಯದ ಬಗ್ಗೆ ಸುಳ್ಳು ಬರೆಯುವವರಿಗೆ, ಹೀಗೆಂದಂತೆ ಹಾಗೆಂದಂತೆ ಎಂದು ಮೊಬೈಲಿನಲ್ಲಿ ಹರಡುವವರಿಗೆ. ‘ಜಿದ್ದಾ’ದ ಯಾತ್ರಿಕರ ಮೇಲೆ ಕೊಲೆಯ ಆರೋಪ ಒಂದೇ ತಂತಿಯಲ್ಲಿ ಲೋಕ ಸುತ್ತಿತು ಎಂದು ಓದಿದಾಗ ನಮಗೂ ಮೊದಲು ಬಂದದ್ದು ಅದೇ ಸಿಟ್ಟು. ಆದರೆ ಆ ವಚನದ ಸಂಬೋಧನೆ ಈಮಾನ್ ಇರುವವರಿಗೆ. ಎಂದರೆ ನಮಗೆ.

ನಮ್ಮದೇ ತಪ್ಪು

ಈಗ ಖುತ್ಬಾದಲ್ಲಿ ಹೇಳದ ಮಾತು.

ಕೆಲವು ವರ್ಷಗಳ ಹಿಂದಿನ ಮಳೆಗಾಲ. ನಮ್ಮೂರಿನ ಹೊಳೆ ಸೇತುವೆಯ ಮಟ್ಟಕ್ಕೆ ಬಂದಿತ್ತು. ಮಸೀದಿಯ ಮೇಲಂತಸ್ತಿನಲ್ಲಿ ಹೊಳೆಬದಿಯ ಮನೆಗಳವರಿಗೆ ಜಾಗ ಮಾಡಿಕೊಟ್ಟಿದ್ದೆವು. ಹಿಂದೂ ಮುಸ್ಲಿಂ ಎನ್ನದೆ ಹನ್ನೆರಡು ಕುಟುಂಬ. ಮಹಲ್ಲಾದ ಮೂವರು ಹುಡುಗರು ಆಚೆ ದಡದವರ ಸಾಮಾನು ಸಾಗಿಸಲು ಸಣ್ಣ ಗಾಡಿ ತೆಗೆದುಕೊಂಡು ಹೋಗಿದ್ದರು. ಮಗ್ರಿಬ್ ಆಯಿತು, ಇಶಾ ಆಯಿತು, ಹುಡುಗರು ಬರಲಿಲ್ಲ. ಕರೆಂಟಿಲ್ಲ, ಫೋನು ಸಿಗುತ್ತಿಲ್ಲ. ಒಬ್ಬರು ಒದ್ದೆಯಾಗಿ ಓಡಿಬಂದು, ‘ಹಜ್ರತ್, ಗಾಡಿ ಹೊಳೆಗೆ ಹೋಯಿತಂತೆ, ಮೂವರೂ ಹೋದರಂತೆ’ ಎಂದರು.

ಯಾರು ನೋಡಿದರು ಎಂದು ನಾವು ಕೇಳಲಿಲ್ಲ. ಆ ‘ಅಂತೆ’ ಎಂಬ ಪದ ನಮ್ಮ ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ಜನರನ್ನು ಹುಡುಕಲು ಕಳಿಸಬೇಕು ಎಂಬ ಗಾಬರಿಯಲ್ಲಿ ಬ್ಯಾಟರಿಯ ಮೈಕು ಹಿಡಿದು, ಮೂವರ ಹೆಸರು ಹೇಳಿ, ಇನ್ನಾಲಿಲ್ಲಾಹಿ ಓದಿಬಿಟ್ಟೆವು. ಆ ಪೈಕಿ ಒಬ್ಬ ಹುಡುಗನ ತಾಯಿ ಮಸೀದಿಯ ಮೇಲಂತಸ್ತಿನಲ್ಲೇ, ಬಂದವರಿಗೆ ಗಂಜಿ ಬಡಿಸುತ್ತಿದ್ದರು. ಸೌಟು ಕೆಳಗೆ ಬಿದ್ದ ಸದ್ದು ಕೆಳಗಿನವರೆಗೂ ಕೇಳಿತು.

ಹುಡುಗರು ಹೋದದ್ದು ನಿಜ, ಹೊಳೆಗಲ್ಲ. ಸೇತುವೆ ದಾಟಲಾಗದೆ ಆಚೆಯ ಊರಿನ ಒಬ್ಬರ ಮನೆಯಲ್ಲಿ ಉಳಿದಿದ್ದರು. ಆ ಮನೆಯ ಅಮ್ಮ ಅವರಿಗೆ ಒಣ ಬಟ್ಟೆ ಕೊಟ್ಟು, ಊಟ ಹಾಕಿ ಮಲಗಿಸಿದ್ದರು. ಗಾಡಿ ಮಾತ್ರ ನೀರಿಗೆ ಸಿಕ್ಕಿತ್ತು. ಯಾರೋ ದೂರದಿಂದ ಅದನ್ನು ಕಂಡಿದ್ದರು, ಉಳಿದದ್ದನ್ನು ಬಾಯಿಂದ ಬಾಯಿ ಸೇರಿಸಿತು. ಬೆಳಗಿನ ಎಂಟು ಗಂಟೆಗೆ ಮೂವರೂ ನಡೆದುಕೊಂಡು ಬಂದರು. ಅಲ್‌ಹಮ್ದುಲಿಲ್ಲಾಹ್. ಆದರೆ ಇಶಾದಿಂದ ಬೆಳಗಿನ ಎಂಟರವರೆಗೆ ಮೂವರು ತಾಯಂದಿರು ಏನು ಅನುಭವಿಸಿದರೋ ಅದಕ್ಕೆ ಕಾರಣ ಹೊಳೆಯಲ್ಲ, ನಾವು.

ಏಡನ್‌ನಲ್ಲಿ ಕ್ಲಾರ್ಕ್ ಸುಳ್ಳು ಹೇಳಿದ. ನಾವು ಸುಳ್ಳು ಹೇಳಲಿಲ್ಲ, ನಂಬಿ ಹೇಳಿದೆವು. ವ್ಯತ್ಯಾಸ ಇದೆ. ಆದರೆ ಕೇಳಿದವರ ಎದೆಗೆ ಎರಡೂ ಒಂದೇ. ಕೇಳಿದ್ದನ್ನೆಲ್ಲ ಹೇಳಿಬಿಡುವುದೇ ಒಬ್ಬನನ್ನು ಸುಳ್ಳುಗಾರನಾಗಿಸಲು ಸಾಕು ಎಂಬ ಅರ್ಥದ ಹದೀಸ್ ಮುಸ್ಲಿಮ್‌ನಲ್ಲಿದೆ. ಅದನ್ನು ನಾವು ವರ್ಷಗಟ್ಟಲೆ ಪಾಠ ಹೇಳಿದ್ದೆವು. ಪಾಠ ಹೇಳುವವನು ಪರೀಕ್ಷೆಯಲ್ಲಿ ನಪಾಸಾದ.

ಆ ತಾಯಿಯ ಮನೆಗೆ ಹೋಗಿ ಮಾಫಿ ಕೇಳಿದೆವು. ಅವರು ನಮ್ಮನ್ನು ಕೂರಿಸಿ ಚಹಾ ಕೊಟ್ಟರು. ‘ಮಗ ಬಂದನಲ್ಲ ಹಜ್ರತ್, ಬಿಡಿ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದರೆ ಇನ್ನು ಮೈಕಿನಲ್ಲಿ ನಿಮ್ಮ ದನಿ ಕೇಳಿದರೆ ಎದೆ ಧಸಕ್ಕೆನ್ನುತ್ತೆ’ ಎಂದರು. ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಮಗೆ ಹಗುರವಾಗುತ್ತಿತ್ತು. ಅಝಾನ್ ಕೊಡುವ ಮೈಕು ಅದು.

ಹೆಸರಿಲ್ಲದವರು

ವಿಲಿಯಮ್ಸ್ ಆಮೇಲೆ ಸಿಂಗಪುರಕ್ಕೇ ಮರಳಿದ. ಎಲ್ಲರಿಗೂ ಅವನ ಕಥೆ ಗೊತ್ತಿದ್ದ ಅದೇ ಊರಿನಲ್ಲಿ, ಹಡಗುಗಳಿಗೆ ಸಾಮಾನು ಒದಗಿಸುವ ವ್ಯಾಪಾರಿಯ ಬಳಿ ಕೆಲಸ ಮಾಡಿ, ಮದುವೆಯಾಗಿ, ಮಕ್ಕಳನ್ನು ಸಾಕಿ, 1916ರಲ್ಲಿ ಅಲ್ಲೇ ತೀರಿಕೊಂಡ. ಓಡಿಹೋಗಬಹುದಿತ್ತು, ಓಡಲಿಲ್ಲ. ಒಮ್ಮೆ ಹಡಗು ಬಿಟ್ಟವನು ಎರಡನೆಯ ಬಾರಿ ನಿಂತ ಎಂದು ಹೇಳಬಹುದೇನೋ. ತಪ್ಪು ಮಾಡಿದವನಿಗೂ ಬಾಗಿಲು ಮುಚ್ಚುವುದಿಲ್ಲ ಎಂಬುದನ್ನು ಇಸ್ಲಾಮ್ ಕಲಿತವರಿಗೆ ಬೇರೆಯವರು ಹೇಳಬೇಕಿಲ್ಲ.

ಕಾನ್ರಾಡ್ 1900ರಲ್ಲಿ ಪುಸ್ತಕವಾಗಿ ಬಂದ ತಮ್ಮ ಕಾದಂಬರಿಯಲ್ಲಿ ಹಡಗಿನ ಹೆಸರನ್ನು ‘ಪಾಟ್ನಾ’ ಎಂದು ಬದಲಿಸಿದರು. ಹಡಗಿನಿಂದ ಹಾರಿದ ಯುವಕ ಜಿಮ್‌ನ ಮನಸ್ಸಾಕ್ಷಿಯೇ ಆ ಪುಸ್ತಕದ ಕಥೆ. ದೊಡ್ಡ ಪುಸ್ತಕ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರಲ್ಲಿ ಯಾತ್ರಿಕರು ಡೆಕ್ಕಿನ ಮೇಲೆ ಮಲಗಿದ್ದ ಒಂದು ಗುಂಪು ಮಾತ್ರ. ಅವರಿಗೆ ಹೆಸರಿಲ್ಲ, ಮಾತಿಲ್ಲ. ನಿಜವಾದ ಹಡಗಿನಲ್ಲಿ ಅವರು ಮಲಗಿರಲಿಲ್ಲ, ನೀರು ಮೊಗೆಯುತ್ತಿದ್ದರು. ಬಿಟ್ಟುಹೋದವನ ಹೆಸರು, ಅವನ ತಂದೆ ಏನಾಗಿದ್ದ ಎಂಬುದು, ಸತ್ತ ವರ್ಷ ಎಲ್ಲವೂ ನಮಗೆ ಗೊತ್ತು. ನಿಂತು ಹಡಗು ಉಳಿಸಿದವರಲ್ಲಿ ಮೊದಲು ಬಕೆಟ್ ಹಿಡಿದ ಕೈ ಯಾರದು ಎಂದು ಯಾವ ಪುಸ್ತಕವೂ ಬರೆದಿಲ್ಲ. ಬರೆಯಬೇಕಾದ ಕಡೆ ಬರೆದಿರುತ್ತದೆ ಎಂಬ ನಂಬಿಕೆ ನಮ್ಮದು.

ಒಂದು ಎಚ್ಚರಿಕೆಯೂ ಬೇಕು. ಬಿರುಗಾಳಿಯಲ್ಲಿ ಮನಸಾರೆ ಅಲ್ಲಾಹನನ್ನು ಕೂಗಿ, ದಡ ಮುಟ್ಟಿದ ಕೂಡಲೇ ಮರೆಯುವವರ ಬಗ್ಗೆ ಸೂರಃ ಯೂನುಸ್‌ನಲ್ಲಿ ಹೇಳಲಾಗಿದೆ. ನೆರೆ ಇಳಿದ ಮೇಲೆ ನಾವೂ ಹಾಗೆಯೇ. ಹೊಳೆ ಮಸೀದಿಯ ಮೆಟ್ಟಿಲಿಗೆ ಬಂದಾಗ ಒಂದಾಗಿದ್ದ ಬೀದಿ, ಬೇಸಿಗೆಯಲ್ಲಿ ಚರಂಡಿ ಯಾರದು ಎಂದು ಜಗಳಕ್ಕೆ ನಿಂತಿತು. ಮೂವರು ಹುಡುಗರಿಗೆ ಒಣ ಬಟ್ಟೆ ಕೊಟ್ಟ ಆ ಅಮ್ಮನ ಮನೆಗೆ ಈದ್‌ಗೆ ಶೀರ್‌ಖುರ್ಮಾ ಮೊದಲ ವರ್ಷ ಹೋಯಿತು. ಎರಡನೆಯ ವರ್ಷ ಯಾರು ಒಯ್ಯಬೇಕು ಎಂಬುದೇ ಮಾತಾಯಿತು. ಈಗ ಆ ಕೆಲಸವನ್ನು ಆ ಮೂವರು ಹುಡುಗರಿಗೇ ಹೊರಿಸಿದ್ದೇವೆ.

ನಾವು ಕಲಿಯಬೇಕಾದದ್ದು

ಮೊದಲನೆಯದು, ಮುಂದೆ ನಿಂತವನ ಹೊಣೆ. ಇಮಾಮ್ ಎಂಬ ಪದದ ಅರ್ಥವೇ ಮುಂದೆ ನಿಲ್ಲುವವನು. ಪ್ರತಿಯೊಬ್ಬನೂ ಕುರಿಗಾಹಿ, ತನ್ನ ಮಂದೆಯ ಬಗ್ಗೆ ಅವನನ್ನು ಕೇಳಲಾಗುವುದು ಎಂಬುದು ಪ್ರವಾದಿಯವರ(ಸ) ಪಾಠ. ಇದು ಕ್ಯಾಪ್ಟನ್ನನಿಗೆ ಮಾತ್ರವಲ್ಲ. ಮಸೀದಿ ಕಮಿಟಿಯ ಅಧ್ಯಕ್ಷರಿಗೆ, ಮನೆಯ ಯಜಮಾನನಿಗೆ, ಶಾಲಾ ವ್ಯಾನಿನ ಡ್ರೈವರಿಗೆ, ಹಜ್ಜ್ ಉಮ್ರಾ ಗುಂಪು ಕರೆದೊಯ್ಯುವವರಿಗೆ, ನಮಗೆ. ಗಾಳಿ ಇಲ್ಲದಾಗ ಎಲ್ಲರೂ ಒಳ್ಳೆಯ ಕ್ಯಾಪ್ಟನ್ನರೇ.

ಎರಡನೆಯದು, ಬಿಟ್ಟುಹೋದವನನ್ನು ಬೈಯುವುದರಲ್ಲಿ ಹೊತ್ತು ಕಳೆಯಬಾರದು. ‘ಜಿದ್ದಾ’ದವರು ಪೆಟ್ಟಿಗೆ, ಪಾತ್ರೆ ಎಸೆದರು, ಸಿಟ್ಟು ತೋರಿಸಿದರು. ದೋಣಿ ಕಣ್ಮರೆಯಾದ ಮೇಲೆ ನೀರಿನ ಕಡೆಗೆ ತಿರುಗಿದರು. ನಮ್ಮ ಸಮುದಾಯಕ್ಕೆ ಸರಕಾರ ಏನು ಮಾಡಲಿಲ್ಲ, ನಾಯಕರು ಏನು ಮಾಡಲಿಲ್ಲ ಎಂಬ ಪಟ್ಟಿ ನಮ್ಮಲ್ಲಿ ಉದ್ದ ಇದೆ, ಅದರಲ್ಲಿ ನಿಜವೂ ಇದೆ. ಆದರೆ ಶಾಲೆ ಬಿಟ್ಟ ನಮ್ಮ ಬೀದಿಯ ಹುಡುಗನನ್ನು ಮತ್ತೆ ಶಾಲೆಗೆ ಸೇರಿಸುವ ಬಕೆಟ್ ನಮ್ಮ ಕೈಯಲ್ಲೇ ಇದೆ.

ಮೂರನೆಯದು ಸುದ್ದಿ. ಆ ಮಳೆಗಾಲದ ನಂತರ ನಮ್ಮ ಮಸೀದಿಯಲ್ಲಿ ಒಂದು ನಿಯಮ ಮಾಡಿದ್ದೇವೆ. ಕಣ್ಣಾರೆ ನೋಡಿದ ಇಬ್ಬರು ಬಂದು ಹೇಳದೆ ಮೈಕಿನಲ್ಲಿ ಯಾವ ಸಾವಿನ ಸುದ್ದಿಯನ್ನೂ ಹೇಳುವುದಿಲ್ಲ. ಮನೆಯವರಿಗೆ ಮೊದಲು ತಿಳಿಸದೆಯೂ ಹೇಳುವುದಿಲ್ಲ. ಹೇಳುವ ಮುನ್ನ ನಾವು ಒಂದು ಪ್ರಶ್ನೆ ಕೇಳುತ್ತೇವೆ: ‘ನೋಡಿದಿರೋ, ಕೇಳಿದಿರೋ?’ ಮೊದಮೊದಲು ಕೆಲವರಿಗೆ ಬೇಸರವಾಯಿತು, ‘ಹಜ್ರತ್ ನಮ್ಮನ್ನೇ ನಂಬುವುದಿಲ್ಲ’ ಎಂದರು. ಈಗ ಮಕ್ಕಳು ಕೂಡ ಆಟದಲ್ಲಿ ಒಬ್ಬರನ್ನೊಬ್ಬರು ಹಾಗೆ ಕೇಳುವುದನ್ನು ನೋಡಿದ್ದೇವೆ. ನಿಮ್ಮ ಮನೆಯಲ್ಲೂ ಮೊಬೈಲಿಗೆ ಬಂದದ್ದನ್ನು ಮುಂದಕ್ಕೆ ಕಳಿಸುವ ಮುನ್ನ ಈ ಒಂದು ಪ್ರಶ್ನೆ ಕೇಳಿಕೊಳ್ಳಿ. ಸುದ್ದಿ ನಮ್ಮವರ ಪರವಾಗಿದ್ದರೂ ಕೇಳಿ, ವಿರುದ್ಧವಾಗಿದ್ದರೂ ಕೇಳಿ.

ಆ ತಾಯಿ ಈಗಲೂ ನಮ್ಮ ಮಹಲ್ಲಾದಲ್ಲೇ ಇದ್ದಾರೆ. ಮೊನ್ನೆ ದಾರಿಯಲ್ಲಿ ಸಿಕ್ಕಾಗ, ಅಝಾನ್ ಕೇಳಿದಾಗ ಈಗಲೂ ಹೆದರಿಕೆಯೇ ಎಂದು ಧೈರ್ಯ ಮಾಡಿ ಕೇಳಿದೆವು. ‘ಫಜ್ರ್ ಹೊತ್ತಿಗೆ ಇಲ್ಲ. ರಾತ್ರಿ ಸ್ವಲ್ಪ ಇದೆ’ ಎಂದು ನಕ್ಕರು. ಅದು ಪೂರ್ತಿ ಹೋಗಲಿ ಎಂದು ನೀವೂ ದುಆ ಮಾಡಿ.

ಕಡಲಿನಲ್ಲಿ, ಹೊಳೆಯಲ್ಲಿ, ಮಣ್ಣಿನಡಿಯಲ್ಲಿ ಸಿಕ್ಕಿಬಿದ್ದ ಎಲ್ಲರನ್ನೂ ಅಲ್ಲಾಹನು ಕಾಪಾಡಲಿ. ಮುಂದೆ ನಿಂತವರಿಗೆ ನಿಲ್ಲುವ ಶಕ್ತಿಯನ್ನು, ಹಿಂದೆ ಉಳಿದವರಿಗೆ ಕೈಯಾಡಿಸುವ ಶಕ್ತಿಯನ್ನು, ನಮ್ಮೆಲ್ಲರ ನಾಲಿಗೆಗೆ ತಡೆದು ಮಾತಾಡುವ ತೌಫೀಕನ್ನು ನೀಡಲಿ. ಆಮೀನ್.